ಥಾರಣ್ಣನ 21 ಮಿಲಿಮೀಟರು

ಗುಂಡ್ಲುಪೇಟೆ ತಾಲ್ಲೂಕಿನಲ್ಲಿ ಥಾರಣ್ಣ ಒಬ್ಬನೇ ಇಲ್ಲ. ತೆರಕಣಾಂಬಿಯಲ್ಲೊಬ್ಬ, ಬೇಗೂರಿನಲ್ಲೊಬ್ಬ, ಹಂಗಳದ ಕಡೆಗೆ ಹೋದರೆ ಇಬ್ಬರು. ವಯಸ್ಸು ಮೂವತ್ತರ ಆಸುಪಾಸು. ಬಾಳೆ, ಅರಿಸಿನ, ಸಣ್ಣ ಈರುಳ್ಳಿ ಬೆಳೆಯುವ ಜಮೀನು ಇರುತ್ತದೆ; ಕೆಲವರಿಗೆ ಅದರ ಜೊತೆಗೆ ಒಂದೆರಡು ಟಿಪ್ಪರು. ಅಪ್ಪ ಅಮ್ಮ ಇಟ್ಟ ಹೆಸರು ಏನೇ ಆಗಿರಲಿ, ಕಪ್ಪು ಥಾರ್ ಮನೆ ಮುಂದೆ ಬಂದು ನಿಂತ ದಿನದಿಂದ ಊರಿಗೆ ಅವನು ಥಾರಣ್ಣ. ಊಟಿ ರಸ್ತೆಯ ಟೀ ಅಂಗಡಿಯಲ್ಲಿ ಅವನನ್ನು ಗುರುತಿಸುವುದು ಕಷ್ಟವಲ್ಲ. ಬೇರೆಯವರು ಗಾಡಿಗೆ ಬೆನ್ನು ಒರಗಿಸಿ ಟೀ ಕುಡಿಯುತ್ತಾರೆ. ಇವನು ಟೈರಿಗೆ ಮುಖ ಮಾಡಿ ಕುಡಿಯುತ್ತಾನೆ.

ಆ ಟೈರು ಕಂಪನಿ ಕೊಟ್ಟದ್ದಲ್ಲ. 2020ರ ಅಕ್ಟೋಬರ್ 2ರಂದು ಬಿಡುಗಡೆಯಾದ ಹೊಸ ಥಾರ್‌ನ ಎಲ್‌ಎಕ್ಸ್ ಮಾದರಿಗೆ ಮಹೀಂದ್ರಾದವರು ಕೊಟ್ಟದ್ದು 255/65 ಆರ್18. ಇದನ್ನು ಓದುವುದು ಹೇಗೆಂದು ಥಾರಣ್ಣ ಮದುವೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರಿಗೂ ಹೇಳಿಕೊಟ್ಟಿದ್ದಾನೆ. 255 ಎಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 65 ಎಂದರೆ ಆ ಅಗಲದ ಶೇಕಡಾ 65ರಷ್ಟು ಪಕ್ಕೆಯ ಎತ್ತರ. 18 ಎಂದರೆ ರಿಮ್ಮು, ಅದು ಮಾತ್ರ ಇಂಚಿನಲ್ಲಿ. ಮಿಲಿಮೀಟರು, ಶೇಕಡಾ, ಇಂಚು ಮೂರನ್ನೂ ಒಂದೇ ಸಾಲಿನಲ್ಲಿ ಕೂಡಿಸುವ ಈ ಲೆಕ್ಕ ಹಳೇ ಶ್ಯಾನುಭೋಗರ ಕೈಗೆ ಸಿಕ್ಕಿದ್ದರೆ ಅವರೂ ಒಂದು ಗಳಿಗೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು. ಪಕ್ಕದವರು ತಲೆಯಾಡಿಸುತ್ತಾ ಪಾಯಸದ ಕಡೆ ನೋಡುತ್ತಾರೆ.

ಈಗ ಅವನ ಗಾಡಿಗೆ ಇರುವುದು 285/70 ಆರ್17. ಹಳೇ ಟೈರಿನ ವ್ಯಾಸ ಸುಮಾರು 789 ಮಿಲಿಮೀಟರು, ಹೊಸದರದು 831. ವ್ಯತ್ಯಾಸ 42. ಆದರೆ ಟೈರಿನ ಅರ್ಧ ಭಾಗ ಆಕ್ಸಲ್‌ಗಿಂತ ಮೇಲಿರುತ್ತದೆ. ಗಾಡಿಯನ್ನು ಎತ್ತುವುದು ಕೆಳಗಿನ ಅರ್ಧ ಮಾತ್ರ. ಹಾಗಾಗಿ ಥಾರಣ್ಣನಿಗೆ ದಕ್ಕಿದ್ದು 21 ಮಿಲಿಮೀಟರು, ಒಂದು ಇಂಚಿಗೂ ಕಡಿಮೆ. ಸ್ಟೆಪ್ನಿ ಸೇರಿ ಐದು ಟೈರು, ಐದು ಅಲಾಯ್ ಎಂದರೆ ಲಕ್ಷ ದಾಟುವುದು ದೊಡ್ಡ ಮಾತಲ್ಲ. ಒಂದು ಲಕ್ಷದ ಐದು ಸಾವಿರ ಎಂದಿಟ್ಟುಕೊಂಡರೂ ಮಿಲಿಮೀಟರಿಗೆ ಐದು ಸಾವಿರ ಬಿತ್ತು. ಊಟಿ ರಸ್ತೆ ಪಕ್ಕದ ಸೈಟಿಗೂ ಈ ರೇಟಿಲ್ಲ.

ಹಾಗೆಂದು, ಗಾಡಿ ಎತ್ತರಿಸುವ ಲಿಫ್ಟ್ ಕಿಟ್‌ಗಿಂತ ದೊಡ್ಡ ಟೈರೇ ಮೇಲು ಎಂಬ ಅವನ ವಾದವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಲಿಫ್ಟ್ ಕಿಟ್ ಹಾಕಿಸಿದರೆ ಏಳುವುದು ಬಾಡಿ ಮತ್ತು ಚಾಸಿ. ಹಿಂದಿನ ಆಕ್ಸಲ್ ನಡುವೆ ಜೋತುಬಿದ್ದಿರುವ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಕಲ್ಲಿಗೆ ಮೊದಲು ತಗಲುವುದು ಅದೇ, ಅದನ್ನು ಎತ್ತುವ ಶಕ್ತಿ ಇರುವುದು ಟೈರಿಗೆ ಮಾತ್ರ. ಮೇಲಾಗಿ ಲಿಫ್ಟ್ ಮಾಡಿದರೆ ಗಾಡಿಯ ಭಾರ ಮೇಲಕ್ಕೆ ಹೋಗಿ ತಿರುವಿನಲ್ಲಿ ಒಲೆಯುತ್ತದೆ. ಮುಂದಿನ ಡ್ರೈವ್ ಶಾಫ್ಟುಗಳ ಕೋನ ಬದಲಾಗಿ ಜಾಯಿಂಟು ಬೇಗ ಸವೆಯುತ್ತದೆ. “ಲಿಫ್ಟ್ ಎಲ್ಲ ಶೋಕಿ ಸಾ. ಟೈರೇ ನಿಜವಾದ ಲಿಫ್ಟು” ಎನ್ನುತ್ತಾನೆ ಥಾರಣ್ಣ. ಮಾತಿನ ಎರಡನೇ ಅರ್ಧ ಸರಿಯಾಗಿದೆ.

ತೊಂದರೆ ಶುರುವಾಗುವುದು ಸ್ಟೇರಿಂಗ್ ತಿರುಗಿಸಿದಾಗ.

ಮೈಸೂರಿನ ಟೈರ್ ಅಂಗಡಿಯಲ್ಲಿ ನಾಲ್ಕೂ ಚಕ್ರ ಕೂರಿಸಿ, ನಟ್ಟು ಬಿಗಿದು, ಹುಡುಗ ಎರಡು ಹೆಜ್ಜೆ ಹಿಂದೆ ಸರಿದು ಹೇಳುತ್ತಾನೆ: “ಪೂರ್ತಿ ರೈಟ್‌ಗೆ ಹೊಡೀರಿ ಸಾರ್.” ಥಾರಣ್ಣ ಹೊಡೆಯುತ್ತಾನೆ. ಚಕ್ರದ ಗೂಡಿನ ಒಳಗಿಂದ ಕರ್ ಎಂದು ಸದ್ದು. ಲೆಫ್ಟಿಗೂ ಅದೇ ಸದ್ದು. ಹುಡುಗ ಮಂಡಿಯೂರಿ, ಮೊಬೈಲ್ ಟಾರ್ಚು ಹಾಕಿ, ಒಳಗಿನ ಕಪ್ಪು ಪ್ಲಾಸ್ಟಿಕ್ ಹೊದಿಕೆಯ ಮೇಲೆ ಬೆರಳಾಡಿಸಿ, ಸೀಮೆಸುಣ್ಣದಲ್ಲಿ ಗೀಟು ಹಾಕುತ್ತಾನೆ. ಹೀಟ್ ಗನ್ ಬರುತ್ತದೆ, ಬ್ಲೇಡು ಬರುತ್ತದೆ. ಮೂರು ಬೆರಳಿನಷ್ಟು ಪ್ಲಾಸ್ಟಿಕ್ ನೆಲಕ್ಕೆ ಬೀಳುತ್ತದೆ. ಬಂಪರಿನ ಮೂಲೆಯನ್ನೂ ಚೂರು ಸವರಿದರೆ ಒಳ್ಳೆಯದು ಎಂದು ಹುಡುಗ ಹೇಳಿದಾಗ ಥಾರಣ್ಣ ಆ ಕಡೆ ಮುಖ ತಿರುಗಿಸಿ ಒಪ್ಪಿಗೆ ಕೊಡುತ್ತಾನೆ. ಗಾಡಿಯ ಕಂತು ಇನ್ನೂ ನಡೆಯುತ್ತಿದೆ.

ಇಷ್ಟಾದರೂ ಒಳಗಡೆ ಟೈರಿನ ಪಕ್ಕೆ ಸಸ್ಪೆನ್ಷನ್ನಿನ ತೋಳಿಗೆ ತೀರಾ ಹತ್ತಿರ. ಅದಕ್ಕೆ ಆಫ್‌ಸೆಟ್ ಕಡಿಮೆ ಇರುವ ರಿಮ್ಮು ಬೇಕು, ಅದು ಟೈರನ್ನು ಹೊರಕ್ಕೆ ತಳ್ಳುತ್ತದೆ. ಹೊರಕ್ಕೆ ಬಂದ ಟೈರು ತಿರುಗುವಾಗ ಇನ್ನೂ ದೊಡ್ಡ ಸುತ್ತು ಹೊಡೆದು ಬಂಪರಿಗೆ ತಾಗುತ್ತದೆ. ಬಂಪರನ್ನು ಇನ್ನಷ್ಟು ಸವರಬೇಕು. ಹೊರಗೆ ಇಣುಕುವ ಟೈರು ಮಳೆಗಾಲದಲ್ಲಿ ಬಾಗಿಲಿಗೆಲ್ಲ ಕೆಸರು ಎರಚುತ್ತದೆ, ಅದಕ್ಕೊಂದು ಅಗಲದ ಫ್ಲೇರು. ಮನೆಗೆ ಬಂದು ಕೂತ ದೂರದ ನೆಂಟನ ಹಾಗೆ, ಈ ಟೈರು ಒಂದೊಂದೇ ಕೋಣೆ ಕೇಳುತ್ತಾ ಹೋಗುತ್ತದೆ.

ನಿಜವಾದ ತಮಾಷೆ ಇನ್ನೊಂದಿದೆ. ಅಂಗಡಿಯ ಸಮನೆಲದಲ್ಲಿ ಎಲ್ಲಿಯೂ ಮುಟ್ಟದ ಟೈರು, ಹಳ್ಳ ದಿಣ್ಣೆಯಲ್ಲಿ ಮುಟ್ಟುತ್ತದೆ. ಒಂದು ಚಕ್ರ ಕಲ್ಲಿನ ಮೇಲೆ ಹತ್ತಿದಾಗ ಸ್ಪ್ರಿಂಗು ಒತ್ತಿಕೊಂಡು ಚಕ್ರ ಗೂಡಿನೊಳಕ್ಕೆ ಏಳುತ್ತದಲ್ಲ, ಆಗ. ಲಿಫ್ಟ್ ಇದ್ದಿದ್ದರೆ ಅಲ್ಲಿ ಜಾಗ ಸಿಗುತ್ತಿತ್ತು. ಅಂದರೆ ಲಿಫ್ಟ್ ಇಲ್ಲದ ದೊಡ್ಡ ಟೈರು ಯಾವ ತಕರಾರೂ ಇಲ್ಲದೆ ಓಡುವುದು ಡಾಂಬರು ರಸ್ತೆಯಲ್ಲಿ. ಕಾಡುದಾರಿಗೆಂದು ಕೊಂಡದ್ದು ಕಾಡುದಾರಿಯಲ್ಲೇ ಕರ್ ಎನ್ನುತ್ತದೆ.

ಅವನ ಅಪ್ಪನಿಗೆ ಟೈರಿನ ವಿಷಯ ಯಾರೂ ಹೇಳಿಕೊಡಬೇಕಿಲ್ಲ. ಟೈರೆಂದರೆ ಅವರ ಬಾಯಲ್ಲಿ ಇವತ್ತಿಗೂ ವಿಕ್ರಾಂತ್; ಮೈಸೂರಿನ ಆ ಕಾರ್ಖಾನೆ 1997ರಲ್ಲಿ ಜೆ.ಕೆ. ಟೈರ್ ಕೈಗೆ ಹೋದದ್ದು ಅವರ ಲೆಕ್ಕಕ್ಕಿಲ್ಲ. ಉಳುವಾಗ ಚಕ್ರ ಜಾರದಿರಲೆಂದು ಟ್ರ್ಯಾಕ್ಟರಿನ ಹಿಂದಿನ ಟೈರಿಗೆ ನೀರು ತುಂಬಿಸಿ ಭಾರ ಮಾಡಿದವರು ಅವರು. ಹಳೇ ಮಹೀಂದ್ರಾ ಜೀಪಿನ ಟೈರು 6.00-16, ಎಷ್ಟೋ ಟ್ರ್ಯಾಕ್ಟರುಗಳ ಮುಂದಿನ ಸಣಕಲು ಟೈರಿನದೂ ಅದೇ ಅಳತೆ. ಆ ಟೈರಿನ ಜೀಪಿನಲ್ಲೇ ಹತ್ತು ಹದಿನೈದು ಜನ ಜಾತ್ರೆಗೆ ಹೋಗಿ ಬಂದ ಕಾಲ ಅವರದು. ಮಗನ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು.

“ನಾವು ಟೈರ್ಗ ನೀರ್ ತುಂಬ್ತಿದ್ದೊ. ನೀನು ದುಡ್ಡ ತುಂಬಿದ್ದೀಯಲ್ಲಾ ಮಗ?”

“ಅಪ್ಪಾ, ಗ್ರಿಪ್ ಬತ್ತದ.”

“ಕೆಸರ್ಗ ಹೋದ್ರ ಗಾಳಿ ಇಳ್ಸು, ಗ್ರಿಪ್ಪು ತಾನೇ ಬತ್ತದ.”

ಅಪ್ಪ ಹೇಳಿದ್ದು ಸರಿ. ಗಾಳಿಯ ಒತ್ತಡವನ್ನು ಇಪ್ಪತ್ತು ಪಿಎಸ್‌ಐ ಹತ್ತಿರಕ್ಕೆ ಇಳಿಸಿದರೆ ಟೈರು ನೆಲದ ಮೇಲೆ ಉದ್ದಕ್ಕೆ ಹರಡಿಕೊಳ್ಳುತ್ತದೆ. ಕೆಸರಿನಲ್ಲಿ, ಮರಳಿನಲ್ಲಿ ಅದು ಮಾಡುವ ಉಪಕಾರವನ್ನು 21 ಮಿಲಿಮೀಟರು ಮಾಡಲಾರದು. ಖರ್ಚೂ ಇಲ್ಲ, ಡಾಂಬರಿಗೆ ಬಂದ ಮೇಲೆ ಮತ್ತೆ ಗಾಳಿ ತುಂಬಿಸಿಕೊಂಡರಾಯಿತು. ಆದರೆ ಇಳಿದ ಗಾಳಿ ಟೀ ಅಂಗಡಿ ಮುಂದೆ ನಿಂತವರಿಗೆ ಕಾಣುವುದಿಲ್ಲ.

ಹೊಸ ಟೈರಿನ ಇನ್ನೊಂದು ಮಹಿಮೆಯನ್ನು ಥಾರಣ್ಣ ತಡವಾಗಿ ಕಂಡುಕೊಂಡ. ದೊಡ್ಡ ಚಕ್ರ ಒಂದು ಸುತ್ತಿಗೆ ಹೆಚ್ಚು ದೂರ ಹೋಗುತ್ತದೆ, ಮೀಟರಿಗೆ ಅದು ಗೊತ್ತಿಲ್ಲ. ಗುಂಡ್ಲುಪೇಟೆಯಿಂದ ಮೈಸೂರಿಗೆ 60 ಕಿ.ಮೀ. ಓಡಿದರೆ ಮೀಟರು ತೋರಿಸುವುದು 57. ಮುಳ್ಳು 80 ಎಂದಾಗ ಗಾಡಿ ಓಡುತ್ತಿರುವುದು 84ರಲ್ಲಿ. ಒಂದೊಂದು ಟೈರೂ ಮೊದಲಿನದಕ್ಕಿಂತ ಕೆಲವು ಕೆ.ಜಿ. ಭಾರ, ಹೀಗಾಗಿ ಮೈಲೇಜು ಹೇಗೂ ಇಳಿದಿತ್ತು; ಮೀಟರಿನ ಜಿಪುಣತನ ಸೇರಿ ಇನ್ನೂ ಇಳಿದಂತೆ ಕಂಡಿತು. ಡೀಸೆಲ್ ಹಾಕಿಸುವಾಗ ಕ್ಯಾಲ್ಕುಲೇಟರ್ ಹಿಡಿಯುವ ಅಭ್ಯಾಸವನ್ನು ಅವನು ಆಮೇಲೆ ಬಿಟ್ಟ.

ಸರಿ, ಇಂಥ ಗಾಡಿಯನ್ನು ಅವನು ಎಲ್ಲಿಗೆ ಒಯ್ಯುತ್ತಾನೆ? ಗುಂಡ್ಲುಪೇಟೆಯ ಸುತ್ತ ಕಾಡಿಗೇನೂ ಬರವಿಲ್ಲ. ಬಂಡೀಪುರ ಕಣ್ಣಳತೆಯಲ್ಲಿದೆ. ಆದರೆ ಸಫಾರಿಗೆ ಖಾಸಗಿ ಗಾಡಿ ಬಿಡುವುದಿಲ್ಲ. ಹತ್ತಬೇಕಾದ್ದು ಸಫಾರಿಯವರ ಗಾಡಿಯನ್ನೇ. ಕಾಡು ಸೀಳಿಕೊಂಡು ಊಟಿಗೂ ವಯನಾಡಿಗೂ ಹೋಗುವ ಎರಡು ಹೆದ್ದಾರಿಗಳಿವೆ, ಅವು ಡಾಂಬರು. ನಡುವೆ ನಿಲ್ಲಿಸುವಂತಿಲ್ಲ, ಉದ್ದಕ್ಕೂ ಹಂಪುಗಳು, 2009ರಿಂದ ರಾತ್ರಿ ಒಂಬತ್ತರಿಂದ ಬೆಳಗ್ಗೆ ಆರರವರೆಗೆ ಸಂಚಾರವೂ ಬಂದ್. ಹೆಡ್‌ಲೈಟಿನ ಮೇಲೆ ಥಾರಣ್ಣ ಕೂರಿಸಿರುವ ನಾಲ್ಕು ದೀಪಗಳಿಗೆ ಆ ಕಾಡಿನಲ್ಲಿ ಕೆಲಸ ಸಿಕ್ಕಿಲ್ಲ.

ಉಳಿದದ್ದು ಹಿಮವದ್ ಗೋಪಾಲಸ್ವಾಮಿ ಬೆಟ್ಟ. 1,454 ಮೀಟರು ಎತ್ತರ, ಏರು, ತಿರುವು, ಮಂಜು, ಅದೃಷ್ಟವಿದ್ದರೆ ಆನೆ; ಥಾರಿನ ಜಾಹೀರಾತಿಗೆ ಹೇಳಿ ಮಾಡಿಸಿದ ಜಾಗ. ಅಲ್ಲಿಯೂ ಖಾಸಗಿ ವಾಹನ ತಪ್ಪಲಿನಲ್ಲೇ ನಿಲ್ಲಬೇಕು. ಮೇಲಕ್ಕೆ ಹೋಗುವುದು ಕೆಎಸ್‌ಆರ್‌ಟಿಸಿ ಬಸ್ಸು. ಕೇರಳ ನೋಂದಣಿಯ ಮೂರು ಥಾರುಗಳ ಪಕ್ಕದಲ್ಲಿ ತನ್ನದನ್ನು ನಿಲ್ಲಿಸಿ, ಅವುಗಳ ಟೈರಿನ ನಂಬರನ್ನು ಓರೆಗಣ್ಣಿನಲ್ಲಿ ಓದಿ, ಸಮಾಧಾನಪಟ್ಟು, ಥಾರಣ್ಣ ಸಾಲಿನಲ್ಲಿ ನಿಲ್ಲುತ್ತಾನೆ. ಬಸ್ಸಿನಲ್ಲಿ ಸೀಟು ಸಿಗುವುದಿಲ್ಲ. ಕಂಬಿ ಹಿಡಿದು ನೇತಾಡುತ್ತಾ ಪಕ್ಕದವರಿಗೆ, ಈ ಏರಿಗೆ ಫೋರ್ ಬೈ ಫೋರ್ ಬೇಕೇ ಬೇಕು ಎಂದು ವಿವರಿಸುತ್ತಾನೆ. ಬಸ್ಸು ಅದಿಲ್ಲದೆಯೇ ಹತ್ತುತ್ತಿರುತ್ತದೆ.

ಕಾನೂನಿನ ಮಾತು ಬಂದರೆ ಅವನ ದನಿ ಸ್ವಲ್ಪ ತಗ್ಗುತ್ತದೆ. 2019ರ ಜನವರಿಯಲ್ಲಿ, ಕೇರಳದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನನ್ನು ಎತ್ತಿ ಹಿಡಿದು, ತಯಾರಕರ ಮೂಲ ವಿವರಕ್ಕೆ ಹೊಂದದ ಮಾರ್ಪಾಡು ಸಲ್ಲದು ಎಂದಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಡಿಗೂ ಐದು ಸಾವಿರ ದಂಡ ಸೇರಿತು. ಹಾಗಾಗಿ ಥಾರಣ್ಣ ಕೇರಳ ಗಡಿಯ ಮೂಲೆಹೊಳೆ ದಾಟಿ ವಯನಾಡಿಗೆ ಹೋಗಬೇಕೆಂದರೆ ತಂಗಿಯ ಗಂಡನ ಆಲ್ಟೋ ಕೇಳುತ್ತಾನೆ. ಕಂಪನಿಯ ಐದು ಟೈರುಗಳು ಮಾರಾಟದ ದಿನಕ್ಕೆ ಬೇಕಾಗುತ್ತವೆಂದು ಕೊಟ್ಟಿಗೆಯ ಅಟ್ಟದಲ್ಲಿವೆ. ಅದರಲ್ಲೊಂದರ ಒಳಗೆ ಕೋಳಿ ಕಾವಿಗೆ ಕೂತಿದೆ. ಅಮ್ಮ ಅದನ್ನು ಎಬ್ಬಿಸಲು ಬಿಡುತ್ತಿಲ್ಲ.

ಇತ್ತೀಚೆಗೆ ಹಿಂಬಾಗಿಲಿನಿಂದ ಹೊಸ ಸದ್ದು ಶುರುವಾಗಿದೆ. ಭಾರದ ಸ್ಟೆಪ್ನಿ ಅಲ್ಲಿ ನೇತಾಡುತ್ತಿರುವುದರಿಂದ ಹಿಂಜು ಸಡಿಲಾಗಿದೆ ಎಂದ ಮೆಕ್ಯಾನಿಕ್ಕು. ಮುಂದಿನ ಚಕ್ರದ ಕರ್ ಸದ್ದಿಗೂ ಏನಾದರೂ ದಾರಿ ಇದೆಯೇ ಎಂದು ಥಾರಣ್ಣ ಕೇಳಿದ.

“ಎರಡಿಂಚು ಲಿಫ್ಟ್ ಹಾಕ್ಸುದ್ರ ನಿಂತೋಯ್ತದ ಸಾ.”

ಥಾರಣ್ಣ ಟೈರಿನ ಕಡೆ ನೋಡಿದ. “ಎಷ್ಟಾಯ್ತದ?” ಎಂದ. ಮೆಕ್ಯಾನಿಕ್ಕು ರೇಟು ಹೇಳಿದ. ಥಾರಣ್ಣ ಮತ್ತೆ ಕೇಳಿದ: “ಎರಡಿಂಚು ಲಿಫ್ಟ್ ಆದ್ಮೇಲ ಇನ್ನೂ ಒಂದ್ ಸೈಜ್ ದೊಡ್ಡ ಟೈರು ಕೂತ್ಕತದ ಅಲ್ವಾ?”