ಪಿನ್ನೋ, ಚೂಡಿಯೋ?

ಮನೆ ಕಟ್ಟಿಸುವವರು ಸಿಮೆಂಟಿನ ಬಗ್ಗೆ ಹತ್ತು ಜನರನ್ನು ಕೇಳುತ್ತಾರೆ. ಬಾಗಿಲು ಎತ್ತ ಮುಖ ಮಾಡಬೇಕೆಂದು ಜೋಯಿಸರನ್ನು ಕೇಳುತ್ತಾರೆ. ಬಲ್ಬಿನ ಹೋಲ್ಡರ್ ಬಗ್ಗೆ ಮಾತ್ರ ಯಾರನ್ನೂ ಕೇಳುವುದಿಲ್ಲ. ಹೀಗಾಗಿ ಅದು ಎಲೆಕ್ಟ್ರಿಷಿಯನ್ನನ ಮರ್ಜಿಗೂ ಮನೆಯಾಕೆಯ ಅಭಿರುಚಿಗೂ ಬಿಟ್ಟ ವಿಷಯವಾಗಿ, ಗಂಡನ ಪಾಲಿಗೆ ಸ್ಟೂಲು ಹಿಡಿಯುವ ಕೆಲಸವಷ್ಟೇ ಉಳಿಯುತ್ತದೆ.

ಕಲಬುರಗಿಯಲ್ಲಿ ನಮ್ಮ ಮನೆ ಎದ್ದದ್ದು ಸಿಎಫ್‌ಎಲ್ ಕಾಲದಲ್ಲಿ. 2009ರಲ್ಲಿ ಕೇಂದ್ರ ಸರ್ಕಾರ ‘ಬಚತ್ ಲ್ಯಾಂಪ್ ಯೋಜನೆ’ ಹೊರಡಿಸಿ, ಹಳೆಯ ಬಲ್ಬು ಕೊಟ್ಟವರಿಗೆ 15 ರೂಪಾಯಿಗೆ ಸಿಎಫ್‌ಎಲ್ ಎಂದಿತ್ತು. 60 ವ್ಯಾಟಿನ ಬೆಳಕು 14 ವ್ಯಾಟಿಗೆ ಸಿಗುವುದಾದರೆ ಯಾರಿಗೆ ಬೇಡ? ಹಳೆಯ ಬಲ್ಬು ತಿಂದ ಕರೆಂಟಿನಲ್ಲಿ ನೂರಕ್ಕೆ ತೊಂಬತ್ತು ಪಾಲು ಕಾವಾಗಿಯೇ ಹೊರಬರುತ್ತದೆ. ಮೇ ತಿಂಗಳಲ್ಲಿ ಹೊರಗೆ 43 ಡಿಗ್ರಿ ಇರುವಾಗ ಒಳಗೂ ಮೈ ಕಾಸಿಕೊಂಡು ಕೂಡುವ ಹುಚ್ಚು ನಮ್ಮೂರವರಿಗಿಲ್ಲ.

ಸೂಪರ್ ಮಾರ್ಕೆಟ್ಟಿನ ಅಂಗಡಿಯಾತ ಕೇಳಿದ: “ಪಿನ್ ಹೋಲ್ಡರ್ ಕೊಡ್ಲೇನ್ರಿ, ಚೂಡಿದು ಕೊಡ್ಲೇನ್ರಿ?” ಮೊದಲನೆಯದು ಬಿ22, ಒತ್ತಿ ತಿರುಗಿಸುವಂಥದ್ದು, ಬ್ರಿಟಿಷರ ಕಾಲದಿಂದ ನಮ್ಮ ಗೋಡೆಗಳಲ್ಲಿ ತಳ ಊರಿದ್ದು. ಎರಡನೆಯದು ಇ27, ತಿರುಪಿನದು. ಇವುಗಳ ನಡುವೆ ಎರಡು ಪಿನ್ನಿನ ಉದ್ದನೆಯ ಸಿಎಫ್‌ಎಲ್ ಬೇರೆ. ಅದರ ಚೋಕು ಫಿಟ್ಟಿಂಗಿನಲ್ಲೇ ಇರುತ್ತದೆ. ಬಲ್ಬು ಹೋದರೂ ಚೋಕು ಉಳಿಯುತ್ತದೆ. ಲಾಭವೇ, ಆದರೆ ಅದೇ ವ್ಯಾಟಿನ, ಅದೇ ಬುಡದ ಬಲ್ಬು ಮತ್ತೆ ಸಿಕ್ಕರೆ ಮಾತ್ರ.

ಮನೆಯಾಕೆಗೆ ಹಿಡಿಸಿದ್ದು ಗಾಜಿನ ಮುಚ್ಚಿದ ಡೂಮು. “ಏನ್ರೀ, ಇದು ಛಂದ ಅದ.” ಛಂದ ಇತ್ತು, ಇಲ್ಲವೆನ್ನಲಾರೆ. ಆದರೆ ಸಿಎಫ್‌ಎಲ್‌ನ ಸರ್ಕ್ಯೂಟ್ ಇರುವುದು ಅದರ ಕುತ್ತಿಗೆಯಲ್ಲಿ. ತಲೆಕೆಳಗಾಗಿ ತೂಗಿಬಿಟ್ಟರೆ ಟ್ಯೂಬಿನ ಕಾವೆಲ್ಲ ಮೇಲೇರಿ ಆ ಕುತ್ತಿಗೆಗೇ ತಾಗುತ್ತದೆ. ಗಾಳಿಯಾಡದ ಡೂಮಿನೊಳಗಂತೂ ಬೆಳಕೂ ಮಂಕು, ಆಯುಷ್ಯವೂ ಕಡಿಮೆ. ಇಷ್ಟು ವಿವರಿಸುವಷ್ಟರಲ್ಲಿ ಡೂಮು ಪ್ಯಾಕಾಗಿ ಬಿಲ್ಲು ನನ್ನ ಕೈಗೆ ಬಂದಿತ್ತು. ಬಚ್ಚಲಿಗೂ ಎಲೆಕ್ಟ್ರಿಷಿಯನ್ ಸಿಎಫ್‌ಎಲ್ಲನ್ನೇ ಹಾಕಿದ. ಗಳಿಗೆಗೊಮ್ಮೆ ಹಚ್ಚಿ ಆರಿಸುವ ಜಾಗ ಅದಕ್ಕೆ ಆಗಿಬರುವುದಿಲ್ಲ, ಬೇಗ ಸಾಯುತ್ತದೆ. ಸತ್ತಿತು.

ಗೃಹಪ್ರವೇಶಕ್ಕೆ ಕಮಲಾಪುರದ ಕಾಕಾ ಅಲ್ಲಿಯ ಕೆಂಪು ಬಾಳೆಯ ಗೊನೆ ಹೊತ್ತು ಬಂದವರು, ಗೊನೆ ಇಳಿಸುವ ಮೊದಲೇ ಛತ್ತು ನೋಡಿದರು. “ಇದರಾಗಿನ ಬಲ್ಬ್ ಹೋದ್ರ ಯಾರ್ನ ಕರೀತಿ ತಮ್ಮಾ?”

ಕಾಕಾನ ಪಡಸಾಲೆಯಲ್ಲಿ 40 ವ್ಯಾಟಿನ ದಪ್ಪ ಟ್ಯೂಬಿನ ಪಟ್ಟಿ. ಹತ್ತದಿದ್ದರೆ ಸ್ಟಾರ್ಟರನ್ನು ಎರಡು ಬೆರಳಲ್ಲಿ ಹಿಡಿದು ಕಾಲು ಸುತ್ತು ತಿರುಗಿಸುತ್ತಾರೆ. ಟ್ಯೂಬು ಎರಡು ಸಲ ಮಿಣುಕಿ, ಗುಂಯ್‌ಗುಟ್ಟಿ ಬೆಳಗುತ್ತದೆ. ಅವರ ಮಗ ಉಳಿತಾಯವೆಂದು 28 ವ್ಯಾಟಿನ ತೆಳ್ಳನೆಯ ಟಿ5 ತಂದ. ಹಳೆಯ ಪಟ್ಟಿಗೆ 36 ವ್ಯಾಟಿನ ಟಿ8 ಒಪ್ಪುತ್ತದೆ, ಟಿ5 ಒಪ್ಪುವುದಿಲ್ಲ. ಉದ್ದ ಐದು ಸೆಂಟಿಮೀಟರ್ ಕಡಿಮೆ. ಪಿನ್ನುಗಳ ಅಂತರ 13 ಮಿಲಿಮೀಟರ್ ಅಲ್ಲ, ಐದೇ. ಅಪ್ಪ ಮಗ ಇಬ್ಬರೂ ಅದನ್ನು ಆ ತುದಿ ಈ ತುದಿ ಹಿಡಿದು, ಕಡೆಗೆ ದಿವಾನದ ಕೆಳಗೆ ಮಲಗಿಸಿದರು.

2015ರಲ್ಲಿ ಉಜಾಲಾ ಯೋಜನೆ ಬಂತು, ಎಲ್‌ಇಡಿ ಅಗ್ಗವಾಯಿತು. ಪಿನ್ ಹೋಲ್ಡರ್ ಇದ್ದಲ್ಲೆಲ್ಲ ಹಳೆಯದನ್ನು ಕಳಚಿ ಹೊಸದನ್ನು ಒತ್ತಿ ತಿರುಗಿಸಿದೆ, ಅಷ್ಟೇ. ಎರಡು ಪಿನ್ನಿನ ಫಿಟ್ಟಿಂಗುಗಳನ್ನು ಮಾತ್ರ ಛತ್ತಿನಿಂದ ಕಿತ್ತೇ ತೆಗೆಯಬೇಕಾಯಿತು. ಇನ್ನು ಪಾದರಸದ ಬಗೆಗಿನ ಮಿನಮಾತಾ ಒಪ್ಪಂದದ ಪ್ರಕಾರ ಟ್ಯೂಬ್‌ಲೈಟುಗಳ ತಯಾರಿಕೆಗೂ 2027ರ ಗಡುವು ಬಿದ್ದಿದೆ. ಕಾಕಾಗೆ ಹೇಳಿಲ್ಲ.

ಉಳಿತಾಯದ ಕಥೆಗೆ ಇನ್ನೊಂದು ಬಾಲವಿದೆ. 2023ರ ಆಗಸ್ಟ್ 5ರಂದು ಗೃಹಜ್ಯೋತಿ ಯೋಜನೆ ಉದ್ಘಾಟನೆಯಾದದ್ದು ನಮ್ಮ ಕಲಬುರಗಿಯಲ್ಲೇ. 200 ಯೂನಿಟ್ ಉಚಿತವೆಂದು ಬೀಗುವಷ್ಟರಲ್ಲಿ ಲೆಕ್ಕ ತಿಳಿಯಿತು: ಹಿಂದಿನ ವರ್ಷದ ಸರಾಸರಿ ಬಳಕೆ, ಅದರ ಮೇಲೆ ನೂರಕ್ಕೆ ಹತ್ತು. ದೀಪ ಆರಿಸಿ ಆರಿಸಿ ಸರಾಸರಿ ಇಳಿಸಿಕೊಂಡಿದ್ದ ನಮ್ಮ ಪಾಲಿಗೆ ಬಂದದ್ದು ಸಣ್ಣ ಮಿತಿ.

ನಿಮ್ಮಲ್ಲಿ ಇನ್ನೂ ಸಿಎಫ್‌ಎಲ್ ಇದ್ದರೆ, ಒಡೆದಾಗ ಕಿಟಕಿ ತೆಗೆದು ಸ್ವಲ್ಪ ಹೊತ್ತು ಹೊರಗೆ ನಿಲ್ಲಿ, ಒಳಗಿರುವುದು ಪಾದರಸ. ಚೂರುಗಳನ್ನು ಪೊರಕೆಯಿಂದ ಗುಡಿಸಬೇಡಿ, ದಪ್ಪ ಕಾಗದದಲ್ಲಿ ಬಳಿದು ತೆಗೆಯಿರಿ. ಹೊಸ ಮನೆ ಕಟ್ಟಿಸುತ್ತಿದ್ದರೆ ಪಿನ್ ಹೋಲ್ಡರನ್ನೇ ಹಾಕಿಸಿ. ಡೂಮಿನ ವಿಷಯ ನಿಮ್ಮ ಮನೆಯವರನ್ನು ಕೇಳಿ.