ಗೀರುಭೀರುವಿನ ಲಕ್ಷಣಗಳು

ಬೆಂಗಳೂರಿನ ಅಪಾರ್ಟ್‌ಮೆಂಟುಗಳ ನೆಲಮಾಳಿಗೆಯಲ್ಲಿ ಭಾನುವಾರ ಬೆಳಿಗ್ಗೆ ಹಳೆಯ ಚಡ್ಡಿ, ಕುತ್ತಿಗೆ ಜೋತುಬಿದ್ದ ಬನಿಯನ್ನು ತೊಟ್ಟು, ಎಡಗೈಯಲ್ಲಿ ಮೊಬೈಲಿನ ಟಾರ್ಚು ಹಿಡಿದು, ತನ್ನ ಕಾರಿನ ಬಾಗಿಲಿಗೆ ಕೆನ್ನೆ ತಾಗುವಷ್ಟು ಬಾಗಿ ಏನನ್ನೋ ಹುಡುಕುತ್ತಿರುವ ಗೃಹಸ್ಥನನ್ನು ‘ಗೀರುಭೀರು’ ಎಂದು ಕರೆಯಬಹುದು. ಗೀರಿಗೆ ಅಂಜುವವನು ಎಂದು ಅದರ ಅರ್ಥ. ಕನ್ನಡದ ‘ಗೀರು’ ಸಂಸ್ಕೃತದ ‘ಭೀರು’ವಿನೊಡನೆ ಕೂಡಿರುವುದರಿಂದ ಇದು ಅರಿಸಮಾಸವಾಯಿತೆಂದು ವೈಯಾಕರಣರು ಆಕ್ಷೇಪಿಸಬಹುದಾದರೂ, ಗೀರಿಗೆ ಹೆದರುವ ಗುಣವೂ ಗೀರನ್ನು ಹುಟ್ಟಿಸುವ ಗುಣವೂ ಒಂದೇ ದೇಹದಲ್ಲಿ ವಾಸವಾಗಿರುವ ಈ ಮನುಷ್ಯನಿಗೆ ಅರಿಸಮಾಸವೇ ತಕ್ಕ ಹೆಸರು.

ಅವನು ಕಾಪಾಡಲು ಹೊರಟಿರುವ ವಸ್ತು ಬಹಳ ತೆಳುವಾದದ್ದು. ಕಾರಿನ ತಗಡಿನ ಮೇಲೆ ತುಕ್ಕು ತಡೆಯುವ ಲೇಪ, ಅದರ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ‘ಕ್ಲಿಯರ್ ಕೋಟ್’ ಎಂಬ ಬಣ್ಣವಿಲ್ಲದ ಪಾರದರ್ಶಕ ಪದರ ಇರುತ್ತದೆ. ಈ ಕಡೆಯ ಪದರದ ದಪ್ಪ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗವಾದ್ದರಿಂದ, ಗೀರುಭೀರುವಿನ ತಲೆಯಲ್ಲಿ ಉಳಿದಿರುವ ಕೂದಲೂ ಬಹುಮಟ್ಟಿಗೆ ಇದಕ್ಕಿಂತ ದಪ್ಪ. ಪಾಲಿಶ್ ಹಾಕಿದರೆ ಗೀರು ತುಂಬಿಕೊಳ್ಳುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ನಿಜದಲ್ಲಿ ಪಾಲಿಶಿನೊಳಗಿನ ನುಣ್ಣನೆಯ ಪುಡಿಯು ಗೀರಿನ ಸುತ್ತಲಿನ ಪದರವನ್ನೇ ಸವೆಸಿ ಗೀರಿನ ತಳದ ಮಟ್ಟಕ್ಕೆ ಇಳಿಸುತ್ತದೆ. ರಸ್ತೆಯ ಗುಂಡಿ ಕಾಣದಿರಲೆಂದು ಇಡೀ ರಸ್ತೆಯನ್ನು ಗುಂಡಿಯಷ್ಟು ಆಳಕ್ಕೆ ಕೆತ್ತಿದಂತಹ ಈ ಉಪಾಯ, ಪುಣ್ಯಕ್ಕೆ, ನಗರಪಾಲಿಕೆಯವರಿಗೆ ಇನ್ನೂ ಹೊಳೆದಿಲ್ಲ.

ಗೀರುಭೀರು ಅಜ್ಞಾನಿಯೆಂದು ಯಾರೂ ಭಾವಿಸಬಾರದು. ಕಾರು ನೆರಳಿನಲ್ಲಿರಬೇಕು, ತಗಡು ತಣ್ಣಗಿರಬೇಕು, ಉಜ್ಜುವ ಮೊದಲು ಧೂಳೆಲ್ಲ ನೀರಿನಲ್ಲಿ ಹರಿದುಹೋಗಬೇಕು, ಸೋಪಿನ ನೀರಿಗೊಂದು, ಬಟ್ಟೆ ಜಾಲಿಸುವುದಕ್ಕೊಂದು ಎಂದು ಎರಡು ಬಕೆಟ್ ಬೇಕು, ಲೇಪ ಬೇಗ ಸವೆಯುವ ಅಂಚುಗಳಿಗೆ ಮಾಸ್ಕಿಂಗ್ ಟೇಪು ಅಂಟಿಸಬೇಕು, ಅತಿ ನುಣುಪಾದ ಪಾಲಿಶನ್ನು ಮೊದಲು ಅಂಗೈಯಗಲ ಜಾಗದಲ್ಲಿ ಪ್ರಯೋಗಿಸಿ, ಅದರಿಂದ ಆಗದಿದ್ದರೆ ಮಾತ್ರ ‘ರಬ್ಬಿಂಗ್ ಕಾಂಪೌಂಡ್’ ಎಂಬ ತುಸು ತರಿಯಾದ ಲೇಪವನ್ನು ಮುಟ್ಟಬೇಕು ಎಂಬುದನ್ನೆಲ್ಲ ಅವನು ಲಿಫ್ಟಿನಲ್ಲಿ ಸಿಕ್ಕವರಿಗೆಲ್ಲ ಬೋಧಿಸಿದ್ದಾನೆ. ಉಗುರಿನ ಪರೀಕ್ಷೆಯೂ ಅವನಿಗೆ ಗೊತ್ತು: ಗೀರಿಗೆ ಅಡ್ಡಲಾಗಿ ಎಳೆದ ಉಗುರು ಸಲೀಸಾಗಿ ಜಾರಿದರೆ ಅದು ಮೇಲ್ಪದರದ ಗೀರು, ಪಾಲಿಶಿಗೆ ಹೋಗುತ್ತದೆ, ಉಗುರು ಸಿಕ್ಕಿಕೊಂಡರೆ ಗೀರು ಆಳಕ್ಕಿಳಿದಿದೆ, ಉಜ್ಜಿದಷ್ಟೂ ನಷ್ಟ. ಆದರೆ ಉಗುರು ಸಿಕ್ಕಿಕೊಂಡಾಗ ಅವನು ಉಗುರೇ ಬೆಳೆದಿದೆಯೆಂದು ತೀರ್ಮಾನಿಸಿ, ಮನೆಗೆ ಹೋಗಿ ಅದನ್ನು ಕತ್ತರಿಸಿಕೊಂಡು ಬಂದು, ಮತ್ತೊಮ್ಮೆ ಪರೀಕ್ಷಿಸುತ್ತಾನೆ.

ಶಾಸ್ತ್ರದಿಂದ ಆಚಾರ ಜಾರುವುದು ಇಲ್ಲಿಂದಲೇ. ಪಾಲಿಶಿನ ಡಬ್ಬಿಗೆ ಇಷ್ಟೊಂದು ದುಡ್ಡೇಕೆ, ಹಲ್ಲುಜ್ಜುವ ಪೇಸ್ಟೇ ಸಾಕೆಂದು ಷಡ್ಡಕ ಹೇಳಿದ ಮಾತು ಅವನಿಗೆ ಹಿಡಿಸುತ್ತದೆ. ಹಲ್ಲಿಗೆಂದು ತಯಾರಾದ ಪೇಸ್ಟಿನ ತರಿ ಕಾರಿನ ಲೇಪಕ್ಕೆ ಹೊಂದುತ್ತದೆಯೇ ಎಂಬ ಪ್ರಶ್ನೆ ಷಡ್ಡಕನಿಗೂ ಹುಟ್ಟುವುದಿಲ್ಲ, ಇವನಿಗೂ ಹುಟ್ಟುವುದಿಲ್ಲ. ದಪ್ಪನೆಯ ಮೈಕ್ರೋಫೈಬರ್ ಬಟ್ಟೆ ಕೊಳೆಯಾದೀತೆಂದು ಅದನ್ನು ಕವರಿನಲ್ಲೇ ಬಿಟ್ಟು ಹಳೆಯ ಬನಿಯನ್ನಿನ ತುಂಡು ಹಿಡಿಯುತ್ತಾನೆ. ಆ ತುಂಡು ಕೈಜಾರಿ ನೆಲಕ್ಕೆ ಬಿದ್ದಾಗ, ಎತ್ತಿಕೊಂಡು ತೊಡೆಗೆ ಎರಡು ಸಲ ಬಡಿದು, ಉಫ್ ಎಂದು ಊದಿ, ಅದರಲ್ಲೇ ಮುಂದುವರಿಯುತ್ತಾನೆ. ನೆಲದ ಮರಳಿನ ನಾಲ್ಕು ಕಣ ಸೇರಿದ ಕೂಡಲೇ ಬನಿಯನ್ನು ಉಪ್ಪುಕಾಗದವಾಗುತ್ತದೆ.

ಅವನ ಗೀರುಗಳ ಮೂಲ ಪಕ್ಕದ ಮನೆಯ ಹುಡುಗನ ಸೈಕಲ್ಲೆಂದು ಅವನು ದೃಢವಾಗಿ ನಂಬಿದ್ದಾನೆ. ದೀಪದ ಸುತ್ತ ಜೇಡರಬಲೆಯಂತೆ ಕಾಣುವ ಸಣ್ಣ ಗೀರುಗಳ ಜಾಲಕ್ಕೆ ‘ಸ್ವರ್ಲ್ ಮಾರ್ಕ್’ ಎನ್ನುತ್ತಾರೆ. ಗೀರುಗಳು ಎಲ್ಲ ದಿಕ್ಕಿಗೂ ಇದ್ದರೂ ಬೆಳಕಿಗೆ ಅಡ್ಡವಾಗಿರುವವು ಮಾತ್ರ ಹೊಳೆಯುವುದರಿಂದ ಅವು ಸುತ್ತುಸುತ್ತಾಗಿ ಕಾಣುತ್ತವೆ. ಇವು ಸೈಕಲ್ಲಿನಿಂದ ಆಗುವಂಥವಲ್ಲ. ಮುಕ್ಕಾಲು ಪಾಲು, ಪ್ರತಿದಿನ ಆಫೀಸಿಗೆ ಹೊರಡುವ ಮೊದಲು ಧೂಳಿನ ಕಾರನ್ನು ಒಣಬಟ್ಟೆಯಿಂದ ಪ್ರೀತಿಯಿಂದ ಒರೆಸುವ ಅವನದೇ ಕೈಯ ಕೆಲಸ. ಕಾರನ್ನು ತಿಂಗಳುಗಟ್ಟಲೆ ಮುಟ್ಟದ ಮೂರನೇ ಮಹಡಿಯ ಸೋಮಾರಿಯ ಬಾನೆಟ್ಟು, ಮಳೆಯೊಂದು ಬಿದ್ದ ಮೇಲೆ, ಇವನದಕ್ಕಿಂತ ಚೆನ್ನಾಗಿ ಹೊಳೆಯುವುದನ್ನು ಕಂಡು ಇವನು ಇಡೀ ದಿನ ಮಾತುಬಿಟ್ಟು ಕೂರುತ್ತಾನೆ.

ವರ್ಷದ ಶ್ರಮವೆಲ್ಲ ಫಲಿಸುವುದು ಆಯುಧಪೂಜೆಯ ದಿನ. ಕನ್ನಡಿಯಂತಾದ ಬಾನೆಟ್ಟಿನ ಮೇಲೆ ಮೂರು ಬೆರಳಿನಿಂದ ವಿಭೂತಿ ಎಳೆದು, ನಡುವೆ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಕೈಮುಗಿಯುವ ಗೀರುಭೀರು, ಮರುದಿನ ಬೆಳಿಗ್ಗೆ ಒಣಗಿದ ವಿಭೂತಿಯನ್ನು ಅದೇ ಬನಿಯನ್ನಿನಿಂದ ಗಸಗಸನೆ ಉಜ್ಜಿ ತೆಗೆಯುತ್ತಾನೆ. ಗಾಜು ಕ್ಲಿಯರ್ ಕೋಟಿಗಿಂತ ಬಹಳ ಗಟ್ಟಿ. ಇಂಥವರು ಮನೆಯಲ್ಲಿದ್ದರೆ, ಈ ಸಲ ವಿಭೂತಿ ಕುಂಕುಮವನ್ನು ಮುಂದಿನ ಗಾಜಿಗೇ ಹಚ್ಚಿಸಿ, ಒಣಬಟ್ಟೆಯ ಬದಲು ಒಂದು ತಂಬಿಗೆ ನೀರು ಕೈಗೆ ಕೊಡಿ.