ಗ್ಯಾಂಗಿನ ರೋಟ್ಲು

ಯಾವ ಕಾಲೇಜಿನ ಗ್ಯಾಂಗ್ ತೆಗೆದುಕೊಳ್ಳಿ, ಇಂಥವನೊಬ್ಬ ಇದ್ದೇ ಇರುತ್ತಾನೆ. ಗ್ರೂಪ್ ಫೋಟೊದಲ್ಲಿ ಅವನ ಅರ್ಧ ಮುಖ, ಒಂದು ಭುಜ ಮಾತ್ರ. ಜೋಡಿ ಚೆನ್ನಾಗಿ ಬರಲಿ ಅಂತ ಸರಿದು ನಿಂತವನು ಅವನೇ. ಆ ಇಬ್ಬರ ನಡುವೆ ಪ್ರೀತಿ ಮೊಳೆತಿದೆ ಎನ್ನುವುದು ಅವರಿಗಿಂತ ಒಂದು ವರ್ಷ ಮೊದಲೇ ಅವನಿಗೆ ಗೊತ್ತು. ಬಾಯಿಬಿಟ್ಟರೆ, “ಥೂ, ನಾವು ಬರೀ ಫ್ರೆಂಡ್ಸ್ ಕಣೋ” ಎಂದು ಇಬ್ಬರೂ ಸೇರಿ ಬೈಯುತ್ತಾರೆ. ಬೈಸಿಕೊಂಡು ಚಹಾದ ದುಡ್ಡನ್ನೂ ಕೊಡುತ್ತಾನೆ.

2008ರ ಜುಲೈಯಲ್ಲಿ ‘ಜಾನೇ ತೂ... ಯಾ ಜಾನೇ ನಾ’ ಸಿನಿಮಾ ಬಂದಾಗ ಜನ ಇಮ್ರಾನ್ ಖಾನ್, ಜೆನಿಲಿಯಾ ಅಂತ ಕುಣಿದಾಡಿದರು. ನನಗೆ ಮಾತ್ರ ಕಣ್ಣು ನಾಯಕನ ಗ್ಯಾಂಗಿನಲ್ಲಿದ್ದ ರೋಟ್ಲು ಮತ್ತವನ ಸಂಗಡಿಗರ ಮೇಲೆ. ನಿರ್ದೇಶಕ ಅಬ್ಬಾಸ್ ಟೈರ್‌ವಾಲಾ ಇಡೀ ಪ್ರೇಮಕಥೆಯನ್ನು ಹೇಳಿಸಿರುವುದು ಮುಂಬೈ ವಿಮಾನ ನಿಲ್ದಾಣದಲ್ಲಿ ಕಾದು ಕೂತ ಈ ಗೆಳೆಯರ ಬಾಯಿಂದಲೇ. ರಾಥೋಡ್ ವಂಶದ ಗಂಡಸಾಗಲು ನಾಯಕ ಜೈ ಒಬ್ಬನಿಗೆ ಹೊಡೆಯಬೇಕು, ಜೈಲು ಕಾಣಬೇಕು, ಕುದುರೆ ಏರಬೇಕು. ಅವನು ಕುದುರೆ ಏರಿ ವಿಮಾನ ನಿಲ್ದಾಣಕ್ಕೆ ಓಡಿದ್ದು ಕಥೆಯಾಯಿತು. ಅದನ್ನು ನೆನಪಿಟ್ಟು ಹೇಳಿದವರಿಗೆ ಕಾಯುವ ಕೆಲಸ. ಮುಂಬೈ ಟ್ರಾಫಿಕ್ಕಿನಲ್ಲಿ ಕುದುರೆ ತರುವುದು ಸುಲಭ. ಪಾರ್ಕಿಂಗ್ ಹುಡುಕುವವನು ಯಾರು?

ರೋಟ್ಲುಗಳ ನಿಜವಾದ ಪ್ರತಿಭೆ ಕಾಣುವುದು ಜೋಡಿ ಜಗಳವಾಡಿದಾಗ. ರಾತ್ರಿ ಹನ್ನೊಂದಕ್ಕೆ ಹುಡುಗಿಯ ಫೋನು: “ಅವನು ಹೇಗಿದ್ದಾನೆ?” ಎದುರಿಗೇ ಅವನು ಎರಡನೇ ವಡಾ ಪಾವ್‌ಗೆ ಹಸಿಮೆಣಸಿನಕಾಯಿ ಕಚ್ಚಿಕೊಂಡು ಕೂತಿದ್ದಾನೆ. ಕಣ್ಣಲ್ಲಿ ನೀರೂ ಇದೆ. ನಮ್ಮ ರೋಟ್ಲು ಎದ್ದು ಮೂಲೆಗೆ ಹೋಗಿ ದನಿ ತಗ್ಗಿಸುತ್ತಾನೆ: “ಏನು ಹೇಳಲಿ? ಕಣ್ಣೀರು ನಿಂತೇ ಇಲ್ಲ.” ಸುಳ್ಳಲ್ಲ. ಹತ್ತು ನಿಮಿಷಕ್ಕೆ ರಾಜಿ. ಇವನ ಮೊಬೈಲಿನ ಬ್ಯಾಟರಿ ಖಾಲಿ.

ಸಿನಿಮಾಕ್ಕೆ ಹೋದರೆ ಕಾರ್ನರ್ ಸೀಟು ಅವರಿಗೆ, ಇವನಿಗೆ ಅಪರಿಚಿತ ಅಂಕಲ್ ಪಕ್ಕ. ಇಂಟರ್ವಲ್ಲಿನಲ್ಲಿ ಪಾಪ್‌ಕಾರ್ನ್ ತಂದು ಅವರ ಕೈಗೆ ಕೊಟ್ಟು, ಕತ್ತಲಲ್ಲಿ ಕಾಲು ತುಳಿಸಿಕೊಂಡ ಅಂಕಲ್‌ಗೆ “ಸಾರಿ” ಹೇಳಿ ಕೂರುತ್ತಾನೆ. ಅವನಿಗೂ ಒಬ್ಬಳ ಮೇಲೆ ಮನಸ್ಸಿತ್ತು. ಯಾರೆಂದು ಗ್ಯಾಂಗಿನಲ್ಲಿ ಯಾರೂ ಕೇಳಲಿಲ್ಲ. ಕೇಳುವ ಕೆಲಸ ಯಾವತ್ತೂ ಇವನದೇ ಆಗಿತ್ತಲ್ಲ.

ಮದುವೆ ಮನೆಯಲ್ಲಿ ವಧುವಿನ ಪರ್ಸು, ವರನ ಚಪ್ಪಲಿ, ಫೋಟೊಗ್ರಾಫರನ ಬಾಕಿ, ಎಲ್ಲ ಇವನ ಸುಪರ್ದಿ. ಹನಿಮೂನ್ ಮುಗಿಸಿ ಬಂದಾಗ ಸ್ವಾಗತಕ್ಕೂ ಇವನೇ. ಟ್ರಾಲಿ ತಳ್ಳಿ, ಸೂಟ್‌ಕೇಸ್ ಡಿಕ್ಕಿಗೆ ತುಂಬಿ, ಟ್ಯಾಕ್ಸಿಯಲ್ಲಿ ಡ್ರೈವರ್ ಪಕ್ಕ ಕೂರುತ್ತಾನೆ. ಸಾಂತಾಕ್ರೂಜ್ ದಾಟುವ ಮೊದಲೇ ಹಿಂದಿನ ಸೀಟಿನಿಂದ ಎರಡೂ ದನಿ ಒಟ್ಟಿಗೆ:

“ನೀನೇ ಹೇಳೋ, ತಪ್ಪು ಯಾರದ್ದು?”

ಡ್ರೈವರ್ ಕನಿಕರದಿಂದ ಇವನ ಕಡೆ ತಿರುಗಿ, “ಅಣ್ಣಾ, ಎಷ್ಟು ವರ್ಷದಿಂದ?” ಎಂದ.